ಇತ್ಯರ್ಥವಾದ ಗುಂಡಿ

ಸ್ಕ್ರೀನಿನ ಮೇಲೆ ಇಡೀ ಊರು ಹಸಿರಾಗಿತ್ತು. ಅದೇ ಊರು ಕಿಟಕಿಯಾಚೆ ಎಂದಿನ ಮಣ್ಣುಬಣ್ಣದಲ್ಲಿ ಬಿಸಿಲಿಗೆ ಬಿದ್ದುಕೊಂಡಿತ್ತು. ಆದರೆ ಸ್ಕ್ರೀನು ಚೆನ್ನಾಗಿ ಕಾಣಲೆಂದು ಕಿಟಕಿ ಮುಚ್ಚಿಸಿದ್ದರಿಂದ ಹೋಲಿಸಿ ನೋಡುವ ತೊಂದರೆ ಯಾರಿಗೂ ಇರಲಿಲ್ಲ. ಆನ್ಸೆಲ್ಮ್ ಮಿನೇಜಸ್ ಉದ್ದ ಮೇಜಿನ ತುದಿಯಲ್ಲಿ ಕೂತು ಒಂದೊಂದೇ ಚೌಕವನ್ನು ಒತ್ತಿ ನೋಡುತ್ತಿದ್ದ. ಬೀದಿದೀಪ, ಹಸಿರು. ಕಸ ಸಾಗಣೆ, ಹಸಿರು. ಉದ್ಯಾನ, ಹಸಿರು, ಅದೊಂದನ್ನು ಬೇಕಾದರೆ ನಂಬಬಹುದಿತ್ತು. ನಾಗರಿಕರ ಸಂತೋಷ, ಕಡುಹಸಿರು. ದುಬೈಗೂ ಅಬುಧಾಬಿಗೂ ನಡುವೆ, ಹೆದ್ದಾರಿಯಲ್ಲಿ ಹೋಗುವವರು ಪೆಟ್ರೋಲಿಗೆ ಮಾತ್ರ ನಿಲ್ಲಿಸುವ ಅಲ್ ಸಮ್ರಾ ಎಂಬ ಈ ಪುಟ್ಟ ಊರಿನ ಮುನ್ಸಿಪಾಲಿಟಿಯಲ್ಲಿ ಅವನು ಕಾರ್ಯತಂತ್ರ ಮತ್ತು ಸಾಧನಾ ವರದಿ ವಿಭಾಗದ ಅಧಿಕಾರಿ. ಹುಟ್ಟೂರಿನ ಕಡೆಯವರು ಸಿಕ್ಕಿ ಎಂತ ಕೆಲಸ ಎಂದು ಕೇಳಿದರೆ ‘ಪ್ಲಾನಿಂಗ್’ ಎನ್ನುತ್ತಿದ್ದ. ಅವರು ಎಂಜಿನಿಯರ್ ಎಂದುಕೊಳ್ಳುತ್ತಿದ್ದರು, ಅವನು ತಿದ್ದುತ್ತಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅಬುಧಾಬಿಯಿಂದ ಪ್ರಶಸ್ತಿ ಸಮಿತಿಯವರು ಬರುವವರಿದ್ದರು. ಉತ್ತಮ ಆಡಳಿತಕ್ಕೆ ಕೊಡುವ ಪ್ರಶಸ್ತಿ ಅದು. ಬಂದರೆ ಡೈರೆಕ್ಟರಿಗೆ ಭಡ್ತಿ, ಆನ್ಸೆಲ್ಮನಿಗೆ ಡೈರೆಕ್ಟರ ಜತೆ ಒಂದು ಫೋಟೋ. ಬೆಳಿಗ್ಗೆ ತಿಂದ ಆಮ್ಲೆಟ್ ಎದೆಯ ನಡುವೆ ಎಲ್ಲೋ ನಿಂತುಬಿಟ್ಟಿತ್ತು. ಅದು ಆಮ್ಲೆಟ್ ಅಲ್ಲ, ಜೋಸ್ಫಿನ್ ಮಾವ್ಶಿ ಎಂದು ಅವನಿಗೆ ಗೊತ್ತಿತ್ತು. ಆದರೂ ಜೇಬಿನಿಂದ ಗ್ಯಾಸಿನ ಮಾತ್ರೆ ತೆಗೆದು ಚೀಪಿದ.

ಈ ಸಾಫ್ಟ್‌ವೇರು ಬರುವ ಮೊದಲು ಅವನು ಮೂರು ತಿಂಗಳಿಗೊಮ್ಮೆ ಫೈಲು ಹಿಡಿದು ಪ್ರತಿ ವಿಭಾಗದ ಮುಖ್ಯಸ್ಥನ ಕೋಣೆಯ ಹೊರಗೆ ನಿಲ್ಲುತ್ತಿದ್ದ. ಒಳಗೆ ಕರೆದು ಚಾ ಕೊಡುತ್ತಿದ್ದರು, ಮಕ್ಕಳ ಬಗ್ಗೆ ಕೇಳುತ್ತಿದ್ದರು, ಕೊನೆಗೆ ಚಾವಣಿ ನೋಡಿಕೊಂಡು ಒಂದು ಅಂಕಿ ಹೇಳುತ್ತಿದ್ದರು. ಈಗ ಅದೇ ಅಂಕಿಯನ್ನು ಸ್ಕ್ರೀನ್ ನೋಡಿಕೊಂಡು ತಾವೇ ಟೈಪ್ ಮಾಡುತ್ತಿದ್ದರು. ಚಾದ ಖರ್ಚು ಉಳಿದಿತ್ತು. ಈ ಸಾಫ್ಟ್‌ವೇರನ್ನು ತಂದವನು ದುಬೈ ಸಿಲಿಕಾನ್ ಓಯಸಿಸ್‌ನ ಕಂಪೆನಿಯೊಂದರ ಶಾಮಸುಂದರ, ಉಡುಪಿ ಕಡೆಯವನು, ಮಾತಾಡುವಾಗ ಎರಡೂ ಅಂಗೈಯಲ್ಲಿ ಕಾಣದ ಕುಂಬಳಕಾಯಿ ಹಿಡಿದವನಂತೆ ನಿಲ್ಲುತ್ತಿದ್ದ. ಮೊದಲ ದಿನ ಡೈರೆಕ್ಟರು, “ಇದು ಏನು ಮಾಡುತ್ತದೆ?” ಎಂದು ಕೇಳಿದಾಗ, “ನೀವು ಹೋಗಬೇಕೆಂದುಕೊಂಡ ಜಾಗಕ್ಕೆ ಎಷ್ಟು ಹತ್ತಿರ ಬಂದಿದ್ದೀರಿ ಎಂದು ತೋರಿಸುತ್ತದೆ ಸರ್” ಎಂದಿದ್ದ. “ಹಾಗಾದರೆ ನಾವು ಎಲ್ಲಿಗೆ ಹೋಗಬೇಕು?” ಎಂದು ಡೈರೆಕ್ಟರು ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದರು. ಎಲ್ಲರೂ ಆನ್ಸೆಲ್ಮನ ಮುಖ ನೋಡಿದರು. ಅವನು ಒಂದು ವಾರ ಕೂತು ಊರಿಗೊಂದು ದರ್ಶನ, ಅಂದರೆ ವಿಷನ್, ಬರೆದ, ದರ್ಶನದ ಹೊಟ್ಟೆಯಲ್ಲಿ ದೊಡ್ಡ ಗುರಿ, ದೊಡ್ಡ ಗುರಿಯ ಹೊಟ್ಟೆಯಲ್ಲಿ ಸಣ್ಣ ಗುರಿ, ಪ್ರತಿ ಗುರಿಗೂ ಕೆಪಿಐ ಎಂಬ ಅಳತೆಯ ಒಂದು ಚೌಕ, ಪ್ರತಿ ಚೌಕಕ್ಕೂ ಒಬ್ಬ ಹೊಣೆಗಾರ. ಚರ್ಚಿನ ಧರ್ಮೋಪದೇಶದ ತರಗತಿಯಲ್ಲಿ ಕಲಿತ ಕ್ರಮವೇ ಅದು; ಅಲ್ಲಿ ಪಾಪ, ಇಲ್ಲಿ ಕೆಪಿಐ.

ಎಲ್ಲ ಚೌಕಗಳೂ ಬೇಗ ಹಸಿರಾದವು. ‘ದೂರುಗಳ ಇತ್ಯರ್ಥ’ ಒಂದೇ ತಿಂಗಳುಗಟ್ಟಲೆ ಕೆಂಪಗೆ ಕೂತಿತ್ತು, ಮದುವೆ ಮನೆಯಲ್ಲಿ ಮುಖ ಗಂಟಿಕ್ಕಿಕೊಂಡ ನೆಂಟನ ಹಾಗೆ. ಆಗ ನಡೆದ ಕಾರ್ಯಾಗಾರದಲ್ಲಿ ಆನ್ಸೆಲ್ಮ್ ಎದ್ದು ನಿಂತು, ಇತ್ಯರ್ಥ ಎಂದರೇನು ಎಂಬ ಮೂಲಭೂತ ಪ್ರಶ್ನೆ ಕೇಳಿದ್ದ. ಇನ್‌ಸ್ಪೆಕ್ಟರು ಸ್ಥಳಕ್ಕೆ ಹೋಗಿ ಏನಾದರೊಂದು ಕ್ರಮ ಕೈಗೊಂಡು, ನಂತರ ಕಚೇರಿಯಿಂದ ಎರಡು ಸಲ ಫೋನ್ ಮಾಡಿದರೂ ದೂರು ಕೊಟ್ಟವರು ಎತ್ತದಿದ್ದರೆ, ಅವರಿಗೆ ಸಮಾಧಾನವಾಗಿದೆ ಎಂದಲ್ಲವೇ ಅರ್ಥ? ಸಮಾಧಾನವಾಗದವನು ಫೋನ್ ಎತ್ತದೇ ಇರುತ್ತಾನೆಯೇ? ಹಾಗೆ ಹೇಳುವಾಗ ಅವನು ಅದನ್ನು ನಂಬಿದ್ದ ಕೂಡ. ಶಾಮಸುಂದರ ಸಾಫ್ಟ್‌ವೇರಿನಲ್ಲಿ ಒಂದು ಸಾಲು ಬದಲಾಯಿಸಿದ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಕೆಂಪು ಹಸಿರಾಗಿತ್ತು. ಒಂದು ಗುಂಡಿಯೂ ಮುಚ್ಚಿರಲಿಲ್ಲ, ಒಂದು ದೀಪವೂ ಹತ್ತಿರಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸಲ ಕೊಟ್ಟ ಮೆಚ್ಚುಗೆಯ ಪ್ರಮಾಣಪತ್ರಕ್ಕೆ ಅವನು ಫ್ರೇಮು ಹಾಕಿಸಿ ದುಬೈಯ ಅಲ್ ನಹ್ದಾದ ಫ್ಲ್ಯಾಟಿನ ಹಾಲಿನಲ್ಲಿ ಯೇಸುವಿನ ಪಟದ ಪಕ್ಕ ತೂಗುಹಾಕಿದ್ದ. ಹೆಂಡತಿ ಮಾರ್ಗರೆಟ್ ಮರುದಿನ ಅದನ್ನು ಬಚ್ಚಲಿಗೆ ಹೋಗುವ ದಾರಿಯ ಗೋಡೆಗೆ ಸಾಗಿಸಿದ್ದಳು.

ಜೋಸ್ಫಿನ್ ಮಾವ್ಶಿ ಎಂದರೆ ಮಾರ್ಗರೆಟಳ ತಾಯಿಯ ತಂಗಿ. ಅಲ್ ಸಮ್ರಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ವಾರ್ಡಿನ ಆಯಾ ಆಗಿದ್ದವಳು, ಮದುವೆಯಾಗದವಳು, ಕ್ಲಿನಿಕ್ಕಿನ ಹಿಂದಿನ ಬಿಲ್ಡಿಂಗಿನಲ್ಲಿ ಇನ್ನೊಬ್ಬಳ ಜತೆ ಕೋಣೆ ಹಂಚಿಕೊಂಡವಳು. ಒಂದು ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಆನ್ಸೆಲ್ಮನೂ ಮನೆಯವರೂ ಕಾರು ಹತ್ತುವಾಗ ಅವಳ ಫೋನು ಬಂದಿತ್ತು.

“ಆನ್ಸೆಲ್ಮ್, ನೀನು ಮುನ್ಸಿಪಾಲಿಟಿಯಲ್ಲಿ ದೊಡ್ಡ ಜನ ಅಲ್ವಾ. ನಮ್ಮ ಬಿಲ್ಡಿಂಗಿನ ಎದುರು ಫುಟ್‌ಪಾತಿನ ಚಪ್ಪಡಿ ಮುರಿದು ಗುಂಡಿ ಆಗಿದೆ ಮಾರಾಯ. ನಾನು ಕಂಪ್ಲೇಂಟ್ ಕೊಟ್ಟು ಆಯ್ತು. ಒಂದು ಸಲ ನೋಡ್ತೀಯಾ?”

ದೊಡ್ಡ ಜನ ಎಂಬ ಮಾತು ಅವನಿಗೆ ಹಿತವಾಗಿತ್ತು. ಅಲ್ಲೇ ಮೊಬೈಲಿನಲ್ಲಿ ಹುಡುಕಿ ನೋಡಿದ.

“ಆಗಿದೆ ಮಾವ್ಶಿ. ಕ್ಲೋಸ್ ಆಗಿದೆ.”

“ಎಂತದ್ದು ಕ್ಲೋಸ್?”

“ನಿಮ್ಮ ಗುಂಡಿ. ಸಿಸ್ಟಮಲ್ಲಿ ಗ್ರೀನ್ ತೋರಿಸ್ತದೆ.”

“ನಾನು ಅದರ ಎದುರೇ ನಿಂತಿದ್ದೇನೆ ಪುತಾ.”

“ಹೌದಾ. ಅಪ್‌ಡೇಟ್ ಆಗ್ಲಿಕ್ಕೆ ಸ್ವಲ್ಪ ಟೈಮ್ ತಗೊಳ್ತದೆ.”

ಫೋನ್ ಇಟ್ಟ ಮೇಲೆ, ಅಪ್‌ಡೇಟ್ ಆಗಬೇಕಾದದ್ದು ಸಿಸ್ಟಮ್ಮೋ ಗುಂಡಿಯೋ ಎಂಬ ಅನುಮಾನ ಒಂದು ಕ್ಷಣ ಬಂದುಹೋಗಿತ್ತು. ಅಷ್ಟರಲ್ಲಿ ಹಿಂದಿನ ಕಾರಿನವನು ಹಾರ್ನ್ ಹಾಕಿದ. ಒಂದು ಬಟನ್ ಒತ್ತಿದ್ದರೆ ಉಳಿದದ್ದೂ ಕಾಣುತ್ತಿತ್ತು. ಇನ್‌ಸ್ಪೆಕ್ಟರು ಹೋಗಿದ್ದ, ಗುಂಡಿಯ ಪಕ್ಕ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನೊಂದನ್ನು ಇಟ್ಟು ಫೋಟೋ ತೆಗೆದಿದ್ದ, ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆದಿದ್ದ. ಕೋನನ್ನು ಮರುದಿನದ ಮರಳುಗಾಳಿ ಹೊತ್ತುಕೊಂಡು ಹೋಗಿತ್ತು. ಕಚೇರಿಯಿಂದ ಎರಡು ಸಲ ಫೋನ್ ಹೋಗಿತ್ತು, ಎರಡೂ ಸಲ ಮಾವ್ಶಿ ಡ್ಯೂಟಿಯಲ್ಲಿದ್ದಳು, ಕ್ಲಿನಿಕ್ಕಿನ ಕಟ್ಟಳೆಯಂತೆ ಅವಳ ಮೊಬೈಲು ಲಾಕರಿನೊಳಗಿತ್ತು. ಹೀಗೆ ಲಾಕರಿನೊಳಗೆ ಜೋಸ್ಫಿನ್ ಮಾವ್ಶಿಗೆ ಸಮಾಧಾನವಾಗಿತ್ತು.

ಮುಂದಿನ ವಾರ ಬೆಳಗಿನ ಪಾಳಿಗೆ ಹೊರಟವಳು ಅದೇ ಗುಂಡಿಗೆ ಕಾಲು ಹಾಕಿ ಬಿದ್ದಳು. ನಿನ್ನೆ ಸಂಜೆ ಆನ್ಸೆಲ್ಮ್ ಹೆಂಡತಿ, ಮಗಳ ಜತೆ ಅವಳ ಕೋಣೆಗೆ ನೋಡಲು ಹೋದಾಗ ಪಾದದಿಂದ ಮೊಣಕಾಲಿನ ತನಕ ಪ್ಲಾಸ್ಟರು ಹಾಕಿ ಕಾಲನ್ನು ಎರಡು ದಿಂಬುಗಳ ಮೇಲೆ ಇರಿಸಿದ್ದರು. ಪ್ಲಾಸ್ಟರಿನ ತುದಿಯಲ್ಲಿ ಐದು ಬೆರಳುಗಳು ಆನ್ಸೆಲ್ಮನ ಕಡೆಗೇ ತಿರುಗಿದ್ದವು. ಅವನು ಕುರ್ಚಿ ಸರಿಸಿ ಕೂತ, ಬೆರಳುಗಳು ಬಿಡಲಿಲ್ಲ. ಕಾಲಿನ ನೋವು ದೊಡ್ಡದಲ್ಲ ಎಂದಳು ಮಾವ್ಶಿ. ಕ್ಲಿನಿಕ್ಕಿನ ಮ್ಯಾನೇಜರಿಗೆ ಒಂದು ಸಂಶಯ ಬಂದಿತ್ತು. ಚಪ್ಪಡಿ ಮುರಿದು ಬಿದ್ದದ್ದಾದರೆ ತಪ್ಪು ಚಪ್ಪಡಿಯದ್ದು, ಗುಣವಾಗುವ ತನಕ ಕಾಯಬಹುದು. ಚಪ್ಪಡಿ ಸರಿಯಿದ್ದೂ ಬಿದ್ದದ್ದಾದರೆ ತಪ್ಪು ಕಾಲಿನದ್ದು. ವಯಸ್ಸಾದ, ನೆಟ್ಟಗೆ ನಿಲ್ಲಲಾರದ ಕಾಲು ವಾರ್ಡಿಗೆ ಏಕೆ, ವೀಸಾ ಮುಂದುವರಿಸುವುದು ಬೇಡ. ಮ್ಯಾನೇಜರು ಮುನ್ಸಿಪಾಲಿಟಿಗೆ ಫೋನ್ ಮಾಡಿ ಕೇಳಿದ. ಆ ಜಾಗದ ದೂರು ಆಗಲೇ ಇತ್ಯರ್ಥವಾಗಿದೆ ಎಂದು ಅಲ್ಲಿಂದ ಹೇಳಿದರು.

“ನೀನು ಒಂದು ಕಾಗದ ಕೊಡಿಸು ಪುತಾ, ನಾನು ಬೀಳುವಾಗ ಕಲ್ಲು ಮುರಿದೇ ಇತ್ತು ಅಂತ,” ಎಂದಳು ಮಾವ್ಶಿ. “ಸುಳ್ಳು ಬರೀಲಿಕ್ಕೆ ಹೇಳುದಲ್ಲ.”

“ನೋಡುವ,” ಎಂದ ಆನ್ಸೆಲ್ಮ್.

ವಾಪಸು ಬರುವಾಗ ಕಾರು ಓಡಿಸಿದ್ದು ಆನ್ಸೆಲ್ಮ್, ಪಕ್ಕದಲ್ಲಿ ಮಾರ್ಗರೆಟ್. ಅಲ್ ನಹ್ದಾದ ಹತ್ತಿರ, ಶಾರ್ಜಾಕ್ಕೆ ಹೋಗುವ ಕಾರುಗಳ ಸಾಲಿನಲ್ಲಿ ಸಿಕ್ಕಿಬಿದ್ದಾಗ, “ನೋಡುವ ಅಂದ್ರೆ ಎಂತ?” ಎಂದು ಕೇಳಿದಳು. ಅವನು ಸ್ಟಿಯರಿಂಗ್ ಮೇಲೆ ಬೆರಳು ಆಡಿಸಿದ. ಅದು ಅಷ್ಟು ಸುಲಭ ಅಲ್ಲ, ಪ್ರೊಸೀಜರ್ ಉಂಟು, ನಾಳೆ ಸಮಿತಿ ಬೇರೆ ಬರ್ತದೆ ಎಂದ. ಹಿಂದಿನ ಸೀಟಿನಿಂದ ಮಗಳು ಸ್ಟೇಸಿ ಕಿವಿಯ ವಯರು ತೆಗೆಯದೆಯೇ, “ಜಸ್ಟ್ ರೀಓಪನ್ ಇಟ್, ಡ್ಯಾಡ್” ಎಂದಳು. ಹದಿನಾಲ್ಕು ವರ್ಷದವರಿಗೆ ಎಲ್ಲವೂ ಸುಲಭ ಎಂದು ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದರಿಂದ ಮನೆ ತಲುಪುವವರೆಗೆ ಸ್ವಲ್ಪ ಆರಾಮವಾಗಿತ್ತು.

“ರೀಓಪನ್ ಮಾಡುವ ಬಟನ್ ಎಲ್ಲಿದೆ ಶಾಮ್?” ಎಂದು ಈಗ, ಸಮಿತಿಗೆ ಕಾಯುತ್ತ ಸ್ಕ್ರೀನಿನ ಮುಂದೆ ಕೂತ ಆನ್ಸೆಲ್ಮ್ ಕೇಳಿದ. ಶಾಮಸುಂದರ ಸಮಿತಿಗೆಂದು ಇಟ್ಟ ಖರ್ಜೂರದ ತಟ್ಟೆಯಿಂದ, ಸಾಲು ಕೆಡದಂತೆ ಹಿಂದಿನದ್ದೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ.

“ಬಟನ್ ಇಲ್ಲ ಸರ್. ಒಮ್ಮೆ ಕ್ಲೋಸ್ ಆದದ್ದು ಕ್ಲೋಸ್ ಅಂತ ಕಾರ್ಯಾಗಾರದಲ್ಲಿ ನೀವೇ ಹೇಳಿದ್ದಲ್ವಾ.”

“ಹಿಂದಿನಿಂದ ಮಾಡ್ಲಿಕ್ಕೆ ಆಗ್ತದಲ್ಲ?”

“ಆಗ್ತದೆ. ಆದ್ರೆ ಒಂದನ್ನು ತೆಗೆದ್ರೆ ಅದೇ ರೂಲಲ್ಲಿ ಕ್ಲೋಸ್ ಆದದ್ದೆಲ್ಲ ಮೇಲೆ ಬರ್ತದೆ ಮಾರಾಯ್ರೆ. ಇಡೀ ಬೋರ್ಡು ಕೆಂಪು. ಇವತ್ತು ಬೇಡ. ಸಮಿತಿ ಹೋಗ್ಲಿ, ಆಮೇಲೆ ನೋಡುವ.”

ಆ ಮಾತು ಇನ್ನೊಬ್ಬರ ಬಾಯಿಂದ ಕೇಳುವಾಗ ಹೇಗಿರುತ್ತದೆ ಎಂದು ಆನ್ಸೆಲ್ಮನಿಗೆ ಆಗ ಗೊತ್ತಾಯಿತು. ಕಾನೂನು ವಿಭಾಗಕ್ಕೆ ಬೆಳಿಗ್ಗೆಯೇ ಹೋಗಿಬಂದಿದ್ದ. ಇತ್ಯರ್ಥವಾದ ದೂರಿನ ಬಗ್ಗೆ ಕಾಗದ ಕೊಡಲು ಬರುವುದಿಲ್ಲ, ಅದು ಮುಗಿದ ವಿಷಯ ಎಂದು ಅಲ್ಲಿಯವರು ನಗುತ್ತಲೇ ಹೇಳಿದ್ದರು. ಯಾರ ದೂರು ಎಂದು ಕೇಳಿದಾಗ ಅವನು, “ಯಾರೋ ಒಬ್ಬ ಮಹಿಳೆ” ಎಂದಿದ್ದ. ಮೆಟ್ಟಿಲಿಳಿಯುವಾಗ ಆ ‘ಯಾರೋ ಒಬ್ಬ’ ಎನ್ನುವುದು ಅವನ ಹಿಂದೆಯೇ ಇಳಿದು ಬಂದಿತ್ತು.

ಸಮಿತಿಯವರು ಬಂದರು, ಗುಲಾಬಿ ನೀರು ಹಾಕಿದ ಒದ್ದೆ ಟವೆಲುಗಳಿಂದ ಕೈ ಒರೆಸಿಕೊಂಡರು, ಖಾವಾ ಎಂಬ ಅರಬ್ಬಿ ಕಾಫಿ ಕುಡಿದರು. ಅಧ್ಯಕ್ಷೆ ಬೂದು ಬಣ್ಣದ ಅಬಾಯಾ ನಿಲುವಂಗಿ ತೊಟ್ಟ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಆನ್ಸೆಲ್ಮ್ ಒಂದೊಂದು ಚೌಕವನ್ನೂ ತೆರೆದು ವಿವರಿಸಿದ. ಅವನ ಬಾಯಿ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಅವನು ಒಂದು ಕಡೆ ಕೂತು ಆ ಇಂಗ್ಲಿಷನ್ನು ಮೆಚ್ಚುತ್ತಿದ್ದ. ಡೈರೆಕ್ಟರು ತಲೆದೂಗುತ್ತಿದ್ದರು. ಎಲ್ಲ ಮುಗಿದ ಮೇಲೆ ಅಧ್ಯಕ್ಷೆ, “ಎಲ್ಲವೂ ಹಸಿರೇ ಇದೆಯಲ್ಲ. ನಿಮ್ಮಲ್ಲಿ ಯಾವುದೂ ತಪ್ಪುವುದೇ ಇಲ್ಲವೇ?” ಎಂದು ಕೇಳಿದರು. ಡೈರೆಕ್ಟರು ಆನ್ಸೆಲ್ಮನ ಕಡೆ ನೋಡಿದರು. ಸಣ್ಣವನಿದ್ದಾಗ ಅವನು ಪಾಪನಿವೇದನೆಗೆ ಹೋಗಿ ಜಾಲರಿಯ ಆಚೆಗಿದ್ದ ಪಾದ್ರಿಗೆ ಸುಳ್ಳು ಹೇಳಿದೆ, ತಂಗಿಗೆ ಹೊಡೆದೆ ಎಂದು ಸಣ್ಣಸಣ್ಣ ಪಾಪಗಳನ್ನು ಎಣಿಸಿ ಒಪ್ಪಿಸಿ, ದೊಡ್ಡದೊಂದನ್ನು ನಾಲಿಗೆಯಡಿ ಇಟ್ಟುಕೊಂಡೇ ಎದ್ದುಬರುತ್ತಿದ್ದ. ಈಗಲೂ ಹಾಗೆಯೇ ಸಣ್ಣದೊಂದು ಸಿದ್ಧವಾಗಿತ್ತು: ಉದ್ಯಾನದ ನೀರಿನ ಬಳಕೆ ಸ್ವಲ್ಪ ಹೆಚ್ಚಾಗಿದೆ ಎನ್ನುವುದು. ಅದನ್ನು ಹೇಳಲೆಂದೇ ಬಾಯಿ ತೆರೆದ. “ಒಬ್ಬ ಮಹಿಳೆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಿದ್ದಾರೆ,” ಎಂಬ ಮಾತು ಹೊರಬಂತು.

ಒಮ್ಮೆ ಹೊರಟ ಮೇಲೆ ನಿಲ್ಲಲಿಲ್ಲ. ಗುಂಡಿ ಹಾಗೆಯೇ ಇದ್ದಾಗ ದೂರು ಇತ್ಯರ್ಥವಾಯಿತೆಂದು ಬರೆದದ್ದು, ಎರಡು ಫೋನಿನ ಕಟ್ಟಳೆ, ಆ ಕಟ್ಟಳೆ ತನ್ನದು, ಈ ಹಸಿರಿನಲ್ಲಿ ಎಷ್ಟು ಪಾಲು ಅದರದ್ದು ಎಂದು ತನಗೇ ತಿಳಿಯದು, ಎಲ್ಲವನ್ನೂ ಹೇಳಿದ. ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ಸ್ಟೇಸಿಯ ಶಾಲೆ ಬಿಡಿಸಬೇಕು ಎಂಬುದೆಲ್ಲ ತಲೆಯಲ್ಲಿ ರೈಲಿನ ಕಿಟಕಿಯ ಕಂಬಗಳಂತೆ ಹಾದುಹೋಗುತ್ತಿದ್ದರೂ ಎದೆಯ ನಡುವೆ ನಿಂತದ್ದು ಇಳಿಯುತ್ತಿತ್ತು. ಶಾಮಸುಂದರ ಕಣ್ಣು ಮುಚ್ಚಿಕೊಂಡಿದ್ದ. ಬಿದ್ದವಳು ತನ್ನ ಹೆಂಡತಿಯ ಚಿಕ್ಕಮ್ಮ ಎಂಬುದೊಂದನ್ನು ಆನ್ಸೆಲ್ಮ್ ಹೇಳಲಿಲ್ಲ. ಅದು ನಾಲಿಗೆಯಡಿಯಲ್ಲೇ ಉಳಿಯಿತು.

ಅಧ್ಯಕ್ಷೆ ಕನ್ನಡಕ ತೆಗೆದರು.

“ಎಕ್ಸಲೆಂಟ್,” ಎಂದರು.

ಅವರ ಬಲಕ್ಕಿದ್ದವನು ತಲೆಯಾಡಿಸಿ ಏನೋ ಬರೆದುಕೊಂಡ. ‘ವೈಫಲ್ಯದಿಂದ ಕಲಿಕೆ’ ಎಂಬ ಅಂಶಕ್ಕೆ ಈವರೆಗೆ ನೋಡಿದ ಯಾವ ಕಚೇರಿಗೂ ಪೂರ್ತಿ ಅಂಕ ಕೊಡಲು ಆಗಿರಲಿಲ್ಲವಂತೆ. ಎಲ್ಲರೂ ತಮ್ಮಲ್ಲಿ ತಪ್ಪೇ ಇಲ್ಲ ಎನ್ನುತ್ತಾರಂತೆ. “ಮಾಷಾ ಅಲ್ಲಾ,” ಎಂದರು ಡೈರೆಕ್ಟರು, ತನ್ನ ಸಿಬ್ಬಂದಿಯನ್ನು ಹೀಗೆ ತಯಾರು ಮಾಡಿದ್ದು ತಾನೇ ಎಂಬ ವಿನಯದಲ್ಲಿ. ಇದು ನಿಮ್ಮ ಸಿಸ್ಟಮಿನಲ್ಲಿ ದಾಖಲಾಗುತ್ತದೆಯೇ ಎಂದು ಯಾರೋ ಕೇಳಿದ್ದೇ ತಡ ಶಾಮಸುಂದರನಿಗೆ ಜೀವ ಬಂತು. ಎಲ್ಲರೂ ನೋಡುತ್ತಿರುವಂತೆಯೇ ‘ಪಾದಚಾರಿ ಸುರಕ್ಷತಾ ಸುಧಾರಣೆ’ ಎಂಬ ಹೊಸ ಯೋಜನೆ ಸ್ಕ್ರೀನಿನ ಮೇಲೆ ಹುಟ್ಟಿತು. ಮೊದಲ ಹಂತ, ಸಮಸ್ಯೆಯನ್ನು ಗುರುತಿಸುವುದು. ಗುರುತಿಸಿ ಆಗಿದ್ದರಿಂದ ಆ ಹಂತ ಅಲ್ಲೇ ಹಸಿರಾಯಿತು. ಜೋಸ್ಫಿನ್ ಮಾವ್ಶಿಯ ಮುರಿದ ಕಾಲು ಊರಿನ ಪ್ರಗತಿಗೆ ಒಂದು ಚೌಕವನ್ನು ಸೇರಿಸಿತು. ಕೇಕ್ ತರಿಸಿದರು. ಎಲ್ಲರೂ ಅವನ ಕೈ ಕುಲುಕಿದರು, ಧೈರ್ಯ ಎಂಬ ಶಬ್ದ ಹಲವು ಸಲ ಕೇಳಿಸಿತು. ಆನ್ಸೆಲ್ಮನಿಗೆ ಖುಷಿಯಾಯಿತು. ಖುಷಿಯಾದದ್ದು ನಿಜ. ತಟ್ಟೆಯಲ್ಲಿ ಕೇಕ್ ಹಿಡಿದು ನಿಂತಾಗ, ತಾನು ಇದಕ್ಕಾಗಿಯೇ ಹೇಳಿದೆನೋ ಎಂಬ ಯೋಚನೆ ಬಂದು, ಉಳಿದ ಕೇಕನ್ನು ತಟ್ಟೆಯ ಸಮೇತ ಮೇಜಿನ ಮೇಲಿಟ್ಟ.

ಸಮಿತಿ ಹೋದ ಮೇಲೆ, ಬಿಸಿ ಆರುವ ಮೊದಲೇ, ಅವನು ಡೈರೆಕ್ಟರ ಹತ್ತಿರ ಆ ಮಹಿಳೆಗೊಂದು ಕಾಗದ ಕೊಡಬಹುದೇ ಎಂದು ಕೇಳಿದ. “ಯಲ್ಲಾ, ಕೊಡಿ! ಪಾಪ, ಕೊಡಬೇಕು,” ಎಂದರು ಡೈರೆಕ್ಟರು ಮನಸಾರೆ. ಕಾನೂನು ವಿಭಾಗದಲ್ಲಿ ಈ ಸಲವೂ ನಗುಮುಖದಿಂದಲೇ ಬರಮಾಡಿಕೊಂಡರು. ಬೆಳಿಗ್ಗೆ ಅದು ಮುಗಿದ ವಿಷಯವಾಗಿದ್ದರಿಂದ ಕಾಗದ ಕೊಡುವಂತಿರಲಿಲ್ಲ. ಈಗ ಅದು ಅಧ್ಯಯನದಲ್ಲಿರುವ ಯೋಜನೆ. ಯೋಜನೆಯ ವರದಿ ಬರುವ ತನಕ ಯಾರಿಗೂ ಏನೂ ಬರೆದುಕೊಡುವಂತಿಲ್ಲ. ವರದಿ ಯಾವಾಗ? ಆ ವಿಭಾಗದ ಯುವಕ ಕಂಪ್ಯೂಟರ್ ನೋಡಿ, “ಮುಂದಿನ ವರ್ಷದ ಕೊನೆಗೆ ಎಂದಿದೆ. ಹೊಣೆಗಾರರು ನೀವೇ,” ಎಂದ.

ಅಲ್ಲಿಂದ ನೇರ ಕ್ಲಿನಿಕ್ಕಿಗೆ ಹೋದ. ಕಾಗದವಿಲ್ಲದಿದ್ದರೆ ಬಾಯಿಂದಲೇ ಹೇಳುವುದು ಎಂದುಕೊಂಡಿದ್ದ. ಮ್ಯಾನೇಜರು ಅವನ ಗುರುತಿನ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, “ನೀವು ಮುನ್ಸಿಪಾಲಿಟಿಯ ಪರವಾಗಿ ಹೇಳುತ್ತಿದ್ದೀರಾ ಅಥವಾ ಸಂಬಂಧಿಕರಾಗಿ ಹೇಳುತ್ತಿದ್ದೀರಾ?” ಎಂದು ಕೇಳಿದ. ಸಂಬಂಧಿಕ ಎಂದು ಅವನಿಗೆ ಹೇಗೆ ಗೊತ್ತಾಯಿತೋ. ಆನ್ಸೆಲ್ಮ್ ಎರಡೂ ಎಂದ. ಎರಡೂ ಆಗಲು ಬರುವುದಿಲ್ಲ ಎಂದು ಮ್ಯಾನೇಜರು ಚೀಟಿಯನ್ನು ವಾಪಸು ಕೊಟ್ಟ.

ಮಾವ್ಶಿಯ ಕೋಣೆಗೆ ಹೋಗುವಾಗ ಕಾರನ್ನು ಬಿಲ್ಡಿಂಗಿನ ಹಿಂದೆ ನಿಲ್ಲಿಸಿ ಹಿಂದಿನ ಬಾಗಿಲಿನಿಂದಲೇ ಹತ್ತಿದ. ಅವಳು ಮಂಚದ ಮೇಲೆ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟು ಬೀನ್ಸ್ ಮುರಿಯುತ್ತಿದ್ದಳು. ಅವನು ಬಾಯಿ ತೆರೆಯುವ ಮೊದಲೇ, “ಮ್ಯಾನೇಜರ್ ಮಧ್ಯಾಹ್ನವೇ ಫೋನ್ ಮಾಡಿದ. ವೀಸಾ ಮುಂದುವರಿಸುದಿಲ್ಲವಂತೆ. ಖಲಾಸ್,” ಎಂದಳು.

“ಮಾವ್ಶಿ, ನಾನು ಇವತ್ತು…”

“ನೀನು ತಲೆಬಿಸಿ ಮಾಡ್ಬೇಡ. ಡೆಲ್ಫಿನ್ ಇದ್ದಾಳಲ್ಲ, ಅಬುಧಾಬಿಯಲ್ಲಿ, ಹಮ್ದಾನ್ ಸ್ಟ್ರೀಟಲ್ಲಿ ಟೈಲರ್ ಶಾಪ್? ಅವಳಿಗೆ ಕೌಂಟರಿಗೆ ಜನ ಬೇಕಂತೆ. ನಾನು ಕೇಳಿಯೇಬಿಟ್ಟೆ. ಕೂತು ಮಾಡುವ ಕೆಲಸ. ವೀಸಾ ಅವಳೇ ಮಾಡಿಸ್ತಾಳೆ.”

ಅವನಿಗೆ ಹೊತ್ತ ಮೂಟೆಯನ್ನು ಯಾರೋ ಕೇಳದೆಯೇ ಇಳಿಸಿಕೊಂಡಂತಾಯಿತು. ಅದರ ಜತೆಗೇ ಒಂದು ಸಣ್ಣ ಅವಮಾನ. ತನ್ನ ಕಾಗದಕ್ಕೆ ಅವಳು ಕಾದೇ ಇರಲಿಲ್ಲ. ಆದರೂ ತಾನು ಮಾಡಿದ್ದನ್ನು ಹೇಳದಿರಲಾಗಲಿಲ್ಲ. ಸಮಿತಿಯ ಎದುರು ಎದ್ದು ನಿಂತು ಎಲ್ಲ ಒಪ್ಪಿಕೊಂಡದ್ದನ್ನು, ಸ್ವಲ್ಪ ಬಣ್ಣ ಸೇರಿಸಿಯೇ ಹೇಳಿದ. ಅವಳು ಬೀನ್ಸ್ ಮುರಿಯುವುದನ್ನು ನಿಲ್ಲಿಸಿ ಕೇಳಿದಳು.

“ಬೈದ್ರಾ?”

“ಇಲ್ಲ. ಹೊಗಳಿದ್ರು. ಪ್ರೈಜ್ ಬರಬಹುದು.”

“ನಾನು ಬಿದ್ದದ್ದಕ್ಕಾ?”

“ಹಾಗಲ್ಲ ಮಾವ್ಶಿ. ನಾವು ಹೇಳಿದ್ದಕ್ಕೆ.”

ಮಾವ್ಶಿ ಅವನ ಮುಖವನ್ನು ನೋಡಿದಳು. ವಾರ್ಡಿನಲ್ಲಿ ಜ್ವರದ ಭರದಲ್ಲಿ ಏನೇನೋ ಹೇಳುವವರನ್ನು ಹೀಗೆಯೇ ನೋಡುತ್ತಿದ್ದಳೋ ಏನೋ, ಅದರಲ್ಲಿ ಸಿಟ್ಟಿರಲಿಲ್ಲ.

“ಅದು ಇರ್ಲಿ ಪುತಾ. ಆ ಕಲ್ಲು ಹಾಕಿದ್ರಾ?”

ಸಮಿತಿಯ ಎದುರು ಅಷ್ಟು ಮಾತಾಡಿದ್ದ, ಡೈರೆಕ್ಟರ ಹತ್ತಿರ, ಕಾನೂನು ವಿಭಾಗದವರ ಹತ್ತಿರ, ಮ್ಯಾನೇಜರ ಹತ್ತಿರ ಮಾತಾಡಿದ್ದ. ಚಪ್ಪಡಿ ಹಾಕಿಸಿ ಎಂದು ಒಬ್ಬನ ಹತ್ತಿರವೂ ಹೇಳಿರಲಿಲ್ಲ. ಅದು ಅವನ ತಲೆಗೇ ಬಂದಿರಲಿಲ್ಲ. ಚಾ ಕುಡಿದು ಹೋಗು ಎಂದಳು ಮಾವ್ಶಿ. ಅವನು ಬೇಡವೆಂದು ಎದ್ದ.

ಈ ಸಲ ಮುಂದಿನ ಬಾಗಿಲಿನಿಂದ ಇಳಿದ. ಗುಂಡಿ ಅವನು ಎಣಿಸಿದ್ದಕ್ಕಿಂತ ಸಣ್ಣದಿತ್ತು. ಮುರಿದ ಚಪ್ಪಡಿಯ ಅರ್ಧ ಓರೆಯಾಗಿ ಒಳಗೆ ಇಳಿದಿತ್ತು, ಅದರ ಮೇಲೆ ಒಂದು ಜ್ಯೂಸಿನ ಡಬ್ಬಿ, ಯಾರದೋ ಚಪ್ಪಲಿಯ ಪಟ್ಟಿ. ಸಂಜೆಯ ಹೊತ್ತು, ಕೆಲಸ ಬಿಟ್ಟವರು, ಸೂಪರ್‌ಮಾರ್ಕೆಟಿಗೆ ಹೋಗುವವರು ಅಲ್ಲಿಗೆ ಬಂದಾಗ ಮಾತು ನಿಲ್ಲಿಸದೆಯೇ ಒಂದು ಹೆಜ್ಜೆ ಬದಿಗೆ ಹಾಕಿ ಮುಂದೆ ಹೋಗುತ್ತಿದ್ದರು. ಅವನು ರಸ್ತೆ ನಿರ್ವಹಣೆಯವರಿಗೆ ಫೋನ್ ಮಾಡಿದ. ಕಚೇರಿ ಮುಗಿದಿದೆ, ದೂರು ಕೊಡುವುದಾದರೆ ಒಂದನ್ನು ಒತ್ತಿ ಎಂದಿತು ಒಂದು ಹೆಣ್ಣುಧ್ವನಿ. ಒಂದನ್ನು ಒತ್ತಿ ದೂರು ಕೊಟ್ಟ. ನಿಮ್ಮ ದೂರು ನಮಗೆ ಮುಖ್ಯ ಎಂದಿತು. ಇನ್ನು ಹೋಗಬಹುದಿತ್ತು. ಕಾರಿನ ಬೀಗದ ಕೈಯನ್ನು ಜೇಬಿನಿಂದ ತೆಗೆದೂ ಆಗಿತ್ತು. ಆದರೆ ತಲೆಯ ಮೇಲೆ ಅಕ್ಕಿಯ ಚೀಲ ಹೊತ್ತವನೊಬ್ಬ ನೆಲ ಕಾಣದೆ ಬರುತ್ತಿದ್ದ. “ಭಾಯ್, ಭಾಯ್, ಇಧರ್ ಸೇ,” ಎಂದು ಆನ್ಸೆಲ್ಮ್ ಕೈ ಅಡ್ಡ ಹಿಡಿದ. ಅವನು ಬದಿಗೆ ಸರಿದು ಹೋದ. ಅವನ ಹಿಂದೆ ಇಬ್ಬರು ಶಾಲೆಯ ಮಕ್ಕಳು. ಅವರ ಹಿಂದೆ ಮಗುವಿನ ತಳ್ಳುಗಾಡಿ ನೂಕಿಕೊಂಡು ಒಬ್ಬಳು ಹೆಂಗಸು. ಟೈ ಕಟ್ಟಿ ಗುಂಡಿಯ ಪಕ್ಕ ಕೈಚಾಚಿ ನಿಂತವನನ್ನೂ ಕೊರಳಿನ ಚೀಟಿಯನ್ನೂ ನೋಡಿ ಅವಳು ಗಾಡಿ ನಿಲ್ಲಿಸಿದಳು.

“ಮುನ್ಸಿಪಾಲಿಟಿಯವರಾ?” ಹಿಂದಿಯಲ್ಲಿ ಕೇಳಿದಳು.

ಅವನು ಹೌದು ಎಂದ.

ಅವಳು ಬೈಯಲು ಸುರುಮಾಡಿದಳು. ಎಷ್ಟು ಸಲ ಹೇಳುವುದು, ನಿಮಗೆಲ್ಲ ಕಣ್ಣಿಲ್ಲವಾ, ಮೊನ್ನೆ ಒಬ್ಬಳು ಇಲ್ಲೇ ಬಿದ್ದಳು ಗೊತ್ತಾ, ಎ.ಸಿ.ಯಲ್ಲಿ ಕೂತು ಮಾಡುವುದಾದರೂ ಏನು. ಹೋಗುವವರು ನಿಂತು ನೋಡಿದರು. ಒಬ್ಬ, ಸರಿಯಾಗಿ ಹೇಳಿದಿರಿ ಎಂದ. ಆನ್ಸೆಲ್ಮನ ಕಿವಿ ಬಿಸಿಯಾಯಿತು. ಕೈ ಕುಲುಕಿದ್ದ ಎಲ್ಲರಿಗಿಂತ ಇವಳು ತನ್ನ ಹತ್ತಿರ ನಿಂತಿದ್ದಾಳೆ ಎಂದೆನಿಸಿತು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವನು ಬಗ್ಗಿ ತಳ್ಳುಗಾಡಿಯ ಮುಂದಿನ ಚಕ್ರಗಳನ್ನು ಹಿಡಿದ. ಒಳಗೆ ಮಗು ನಿದ್ದೆ ಮಾಡುತ್ತಿತ್ತು. ಇಬ್ಬರೂ ಸೇರಿ ಗಾಡಿಯನ್ನು ಎತ್ತಿ ಗುಂಡಿಯ ಆಚೆ ಇಳಿಸಿದರು. ಅವಳು ಥ್ಯಾಂಕ್ಸ್ ಹೇಳಲಿಲ್ಲ. ಅಲ್ಲೇ ಇರುತ್ತಾನೋ ಹೋಗುತ್ತಾನೋ ಎಂಬಂತೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ ನಡೆದಳು.

ಮಾರ್ಗರೆಟಳ ಫೋನ್ ಬಂತು. ಊಟಕ್ಕೆ ಬರುತ್ತೀಯಾ ಇಲ್ಲವಾ ಎಂದಳು. ತಡವಾಗುತ್ತದೆ, ನೀವು ಊಟ ಮಾಡಿ ಎಂದ. ಎಷ್ಟು ತಡ ಎಂದು ಕೇಳಿದ್ದಕ್ಕೆ ಗೊತ್ತಿಲ್ಲ ಎಂದ. ಸೂಪರ್‌ಮಾರ್ಕೆಟಿನ ಕಡೆಯಿಂದ ಮುದುಕನೊಬ್ಬ ಎರಡೂ ಕೈಯಲ್ಲಿ ನೀರಿನ ಕ್ಯಾನು ಹಿಡಿದು ನಿಧಾನವಾಗಿ ಬರುತ್ತಿದ್ದ. ಆನ್ಸೆಲ್ಮ್ ಟೈ ಸಡಿಲಿಸಿ, ಫೋನನ್ನು ಜೇಬಿಗೆ ಹಾಕಿ, ಕೈ ಅಡ್ಡ ಚಾಚಿ ನಿಂತ.